ನಿಲ್ಲಲೊಲ್ಲದ ಸೈಕಲ್ಲು

ಮಾಳಮಡ್ಡಿಯ ಶಾಂತಯ್ಯನವರು ಮೂವತ್ತು ವರ್ಷ ಹತ್ತಿಯ ಅಂಗಡಿಯೊಂದರಲ್ಲಿ ತೂಕದ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಸಿಟ್ಟು ಬಾರದ ದಿನಗಳೆಂದರೆ ಜ್ವರ ಬಂದು ಮಲಗಿದ ದಿನಗಳು ಮಾತ್ರ. ಆದರೆ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ ಬಂದ ಸಿಟ್ಟಿನ ಮುಂದೆ ಹಿಂದಿನವೆಲ್ಲ ಬರಿಯ ಕೆಮ್ಮು.

ಅಂದು ಬೆಳಿಗ್ಗೆ ಓಣಿಯ ಇಳಿಜಾರಿನಲ್ಲಿ ಅವರ ಹಳೆಯ ಸೈಕಲ್ಲು, ಎರಡೂ ಬ್ರೇಕು ಒತ್ತಿದರೂ ನಿಲ್ಲದೆ, ಪಕ್ಕದ ಮನೆಯ ಬಾಳಕೃಷ್ಣ ಮಾಸ್ತರರು ಒಣಹಾಕಿದ್ದ ಧೋತರದೊಳಗೆ ನುಗ್ಗಿ ಪೇರಲ ಗಿಡಕ್ಕೆ ಹಾಯಿತು. ಧೋತರ ಹೊದ್ದು ಬಿದ್ದಿದ್ದ ಶಾಂತಯ್ಯನವರು ಧ್ವಜಸಮೇತ ಉರುಳಿದ ಸೇನಾಪತಿಯಂತೆ ಕಂಡರು.

ಹೆಂಡತಿ ನಾಗರತ್ನಾ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: "ಸಂಜಿಯೊಳಗ ಬ್ರೇಕ್ ಹಿಡೀಲಿಲ್ಲಂದ್ರ, ನಾಳೆ ಗುಜರಿಯವ ಬರ್ತಾನ, ಅವಂಗ ಕೊಡತೇನಿ. ನಿಮ್ಮ ಎಲುಬು ಕೂಡಸೂದು ನನ್ನ ಕೈಲೆ ಆಗಂಗಿಲ್ಲ."

ಪೇಟೆಯ ಸೈಕಲ್ ಅಂಗಡಿಯವನು ಮುಟ್ಟಿಯೂ ನೋಡಲಿಲ್ಲ. "ಹೊಸಾದು ತಗೋರಿ ಕಾಕಾ."

"ನಿಮ್ಮ ಹೊಸಾದಕ್ಕ ಹಿಂದ ಕ್ಯಾರಿಯರ್ ಎಲ್ಲೈತಿ? ಜ್ವಾಳದ ಚೀಲಾ ನಿನ್ನ ತಲಿಮ್ಯಾಲೆ ಇಡ್ಲೇನು?" ಎಂದು ಶಾಂತಯ್ಯನವರು ಸೈಕಲ್ಲು ತಳ್ಳಿಕೊಂಡು ವಾಪಸು ಬಂದರು.

ಆಗ ಬಂದವನು ಬಾಲ್ಯದ ಗೆಳೆಯ ಹಫೀಜ. ಬಸ್ ಡಿಪೋದಲ್ಲಿ ರಿಪೇರಿ ಕೆಲಸ ಮಾಡಿ ನಿವೃತ್ತನಾದವನು, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಒಂದೇ. ಚಕ್ರದ ಅಂಚಿಗೆ ಬೆರಳಾಡಿಸಿ ಮೂಸಿ ನೋಡಿದ.

"ಶಾಂತ್ಯಾ, ಇದಕ್ಕ ಕೊಬ್ಬರಿ ಎಣ್ಣಿ ಹಚ್ಚಿದವರು ಯಾರು?"

"ನಾನ. ನಿನ್ನೆ ಪೂಜಿ ಇತ್ತು. ಸೈಕಲ್ಲನ್ನ ಮಾಸಿದ ಮಾರೀಲೆ ಪೂಜಿಗೆ ಕೂಡಸ್ಲೇನು?"

"ವಿಭೂತಿ ಹಚ್ಚು, ಹೂ ಏರಸು, ಬ್ಯಾಡ ಅಂದವರ್ಯಾರು? ಬ್ರೇಕ್ ಹಿಡಿಯೂ ಜಾಗಾಕ್ಕ ಎಣ್ಣಿ ಬಳದೀಯಲ್ಲೋ. ರಬ್ಬರ್ ಜಾರಲಾರದ ಏನ್ ಮಾಡಬೇಕು?"

"ಎರಡು ಹನಿ ಎಣ್ಣಿ ತಡೀಲಾರದ್ದು ಅದೆಂಥಾ ರಬ್ಬರ್?"

"ಎರಡು ಹನಿ ಅಲ್ಲಪಾ, ಉಪ್ಪಿನಕಾಯಿ ಹಾಕೂವಷ್ಟು."

ಶಾಂತಯ್ಯನವರು ರಬ್ಬರ್ ಮಾಡಿದವರನ್ನು, ಓಣಿಗೆ ಇಳಿಜಾರು ಇಟ್ಟವರನ್ನು, ಪೇರಲ ಗಿಡ ನೆಟ್ಟವರನ್ನು ಸರದಿಯಂತೆ ತರಾಟೆಗೆ ತೆಗೆದುಕೊಂಡರು. ಹಫೀಜ ಸಬಕಾರದ ನೀರಿನ ಬಕೆಟ್ಟು ಮುಂದಿಟ್ಟ. "ಬಾಯಿಲೆ ಬೈಯಿ, ಕೈಲೆ ತಿಕ್ಕು."

ಅವರು ಬೈಯುತ್ತ ತಿಕ್ಕಿದರು. ಹಫೀಜ ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ಕಟ್ಟೆಯ ಒರಟು ಕಲ್ಲಿಗೆ ಉಜ್ಜಿ, ಎಣ್ಣೆ ಕುಡಿದ ಪದರ ತೆಗೆದು, ಮತ್ತೆ ಕೂಡಿಸಿ, ಚಕ್ರಕ್ಕೂ ರಬ್ಬರಿಗೂ ನಡುವೆ ಜೋಳದ ಕಾಳಿನಷ್ಟು ಸಂದು ಬಿಟ್ಟು ನಟ್ಟು ಬಿಗಿದ.

ಸಂಜೆ ನಾಗರತ್ನಾ ಇಳಿಜಾರಿನ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಾಳಕೃಷ್ಣ ಮಾಸ್ತರರು ಧೋತರವನ್ನು ಮೊದಲೇ ಒಳಗೆ ಒಯ್ದಿದ್ದರು. ಮೇಲಿನಿಂದ ಹೊರಟ ಶಾಂತಯ್ಯನವರು ಹೆಂಡತಿಯಿಂದ ಎರಡು ಮೊಳ ದೂರದಲ್ಲಿ ಕಿರ್ರೆಂದು ನಿಂತರು.

"ಒಮ್ಮೆ ನಿಂತದ್ದು ಲೆಕ್ಕಕ್ಕಿಲ್ಲ. ಮತ್ತ ಬರ್ರಿ."

"ನಾ ಏನ್ ಸರ್ಕಸ್ಸಿನವನೇನು?"

"ವೈನಿ ಹೇಳಿದ್ದು ಖರೇ ಐತಿ," ಎಂದ ಹಫೀಜ. "ಏರು."

ಮೂರು ಸಲ ದಿಬ್ಬ ಹತ್ತಿ ಮೂರು ಸಲ ಇಳಿದು, ಏದುಸಿರಿನ ನಡುವೆಯೂ ಯಾರನ್ನೋ ಬೈಯುತ್ತ ನಿಂತ ಗಂಡನ ಹ್ಯಾಂಡಲಿಗೆ ನಾಗರತ್ನಾ ಸಂತೆಯ ಚೀಲ ತೂಗುಹಾಕಿದರು.

"ಎರಡು ಸೂಡು ಮೆಂತೆಪಲ್ಲೆ ತರ್ರಿ. ಗುಜರಿಯವಂಗ ನಾಳೆ ಬರಬ್ಯಾಡ ಅಂತ ಹಾದ್ಯಾಗ ಹೇಳಿ ಹೋಗ್ರಿ."