ಬಾಗಿಲಲ್ಲೇ ಸಿಕ್ಕ ಎಲೆ ಅಡಿಕೆ

ಮದುವೆಯಾಗಿ ತರೀಕೆರೆಗೆ ಬಂದ ಮೇಲೆ ನನಗೆ ಹೋದಲ್ಲೆಲ್ಲ ವಿಪರೀತ ಮರ್ಯಾದೆ ಸಿಗತೊಡಗಿತು. ಎಪ್ಪತ್ತರ ದಶಕದ ಕೊನೆಯ ಮಾತು. ಯಾರ ಮನೆಗೆ ಕಾಲಿಟ್ಟರೂ ಚಾಪೆಯ ಮೇಲೆ ಕೂರುವ ಮೊದಲೇ ಎಲೆ ಅಡಿಕೆಯ ತಟ್ಟೆ ನನ್ನ ಮುಂದೆ ಬರುತ್ತಿತ್ತು. ಬೇರೆಯವರಿಗೆ ಊಟವಾದ ಮೇಲೆ, ಇಲ್ಲವೇ ಹೊರಡುವಾಗ ಕೊಡುವ ತಟ್ಟೆ ನನಗೆ ಮಾತ್ರ ಬಾಗಿಲಲ್ಲೇ. "ಮೊದ್ಲು ಎಲೆ ಅಡಿಕೆ ಹಾಕ್ಕೊಳ್ಳಿ, ಆಮೇಲೆ ಮಾತು" ಎನ್ನುತ್ತಿದ್ದರು. ಅಜ್ಜಂಪುರದ ದೊಡ್ಡ ಮನೆಯ ಮಗಳೆಂದು ಜನಕ್ಕೆ ಗೊತ್ತಿರುತ್ತದೆ ಎಂದುಕೊಂಡು ನಾನೂ ಗತ್ತಿನಿಂದ ಎಲೆ ಮಡಚಿ ಬಾಯಿಗಿಡುತ್ತಿದ್ದೆ. ಎಲ್ಲರೂ ನನ್ನಿಂದ ಒಂದಿಷ್ಟು ದೂರವೇ ಕೂರುತ್ತಿದ್ದರು. ಅದನ್ನೂ ಗೌರವದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ.

ಆ ಗೌರವ ಇಳಿದದ್ದು ಕಡೂರಿನಲ್ಲಿ. ಅದು ನನ್ನ ಅಣ್ಣನ ಹೆಂಡತಿಯ ತವರು. ಕೊಬ್ಬರಿ ವ್ಯಾಪಾರದ ಮನೆ. ಅಣ್ಣನ ಮೊದಲ ಮಗಳನ್ನು ಅಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರವಿತ್ತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅಣ್ಣನಿಗೆ ನಾನೊಬ್ಬಳೇ ತಂಗಿ. ನನಗಿನ್ನೂ ಮಕ್ಕಳಾಗಿರಲಿಲ್ಲ. ಆ ಹೆಸರು ನನ್ನ ಬಾಯಿಂದಲೇ ಮಗುವಿನ ಕಿವಿಗೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಬಸ್ಸಿನಲ್ಲಿ ಕೂತು ಪಿಸುಮಾತಿನಲ್ಲಿ ಅಭ್ಯಾಸ ಮಾಡಿಕೊಂಡೇ ಹೋಗಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸೀಟು ಬಿಟ್ಟು ಎದ್ದು ಹೋಗಿ ಕಂಬಿ ಹಿಡಿದು ನಿಂತಳು. ನನ್ನನ್ನು ಹುಚ್ಚಿ ಎಂದುಕೊಂಡಳೇನೋ ಎಂದು ನನ್ನಷ್ಟಕ್ಕೆ ನಕ್ಕಿದ್ದೆ.

ನಾನು ತೊಟ್ಟಿಲ ಮೇಲೆ ಬಗ್ಗುವಷ್ಟರಲ್ಲಿ ಅತ್ತಿಗೆಯ ತಾಯಿ ಬಂದು ನನ್ನ ತೋಳು ಹಿಡಿದರು. ಸದಾ ಕೆನ್ನೆಯೊಳಗೆ ಹೊಗೆಸೊಪ್ಪು ಒತ್ತಿಕೊಂಡಿರುತ್ತಿದ್ದ ಹೆಂಗಸು. ಅವರ ಮಾತು ಆ ಹೊಗೆಸೊಪ್ಪನ್ನು ದಾಟಿಕೊಂಡೇ ಹೊರಗೆ ಬರಬೇಕಿತ್ತು.

"ಮಗೀಗೆ ಸೀತ ಆಗೈತೆ ತಾಯೀ. ನೀನು ಹತ್ರ ಬಗ್ಗಾದು ಬ್ಯಾಡ. ಹೆಸ್ರು ಯಾರ್ ಹೇಳಿದ್ರೇನು, ಹೇಳಿಸ್ತೀನಿ ಬಿಡು" ಎಂದರು.

ಮಗು ಹಾಯಾಗಿ ನಿದ್ದೆ ಮಾಡುತ್ತಿತ್ತು. ಅದರ ಮೂಗಿನಲ್ಲಿ ಶೀತದ ಸುಳಿವೇ ಇರಲಿಲ್ಲ. ದೂರದ ಸಂಬಂಧದಲ್ಲಿ ಅಣ್ಣನಿಗೆ ತಂಗಿಯಾಗಬೇಕಿದ್ದ ಒಬ್ಬಳನ್ನು ಕರೆದು ಶಾಸ್ತ್ರ ಮುಗಿಸಿಬಿಟ್ಟರು. ಅವಳಿಗೆ ಹೆಸರೇ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿಕೊಂಡು ಹೇಳಿದಳು. ನನ್ನ ಕೈಗೆ ಯಾರೋ ಎಲೆ ಅಡಿಕೆ ತಟ್ಟೆ ಕೊಟ್ಟಿದ್ದರು. ಅದನ್ನೇ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಅವ್ವ ನಿಜ ಹೇಳಿದಳು.

"ನಿನ್ ಬಾಯಿ ವಾಸ್ನೆ ಬತ್ತದೆ ಕಣೇ. ಬಾಳ ದಿನದಿಂದ."

"ನೀನಾದ್ರೂ ಹೇಳ್ಬಾರ್ದಿತ್ತೇನವ್ವಾ?"

"ಹೆತ್ತೋಳು ಹೆಂಗ್ ಹೇಳ್ಲೇ? ಅದ್ಕೇ ನೀನ್ ಬಂದಾಗೆಲ್ಲ ಎಲೆ ಅಡಿಕೆ ಕೊಡ್ತಿದ್ನಲ್ಲ."

ಅಷ್ಟು ದಿನ ಕೂಡಿಟ್ಟ ಮರ್ಯಾದೆ ಆ ಬಾವಿಕಟ್ಟೆಯ ಮೇಲೇ ಕರಗಿಹೋಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅಂದಿನಿಂದ ಆ ಸೆರಗು ಬಾಯಿಂದ ಕೆಳಗಿಳಿಯಲಿಲ್ಲ.

ಇನ್ನು ಅಪರಾಧಿಯನ್ನು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಅಜ್ಜಂಪುರದವಳೆಂದ ಮೇಲೆ ಈರುಳ್ಳಿಯಲ್ಲದೆ ಮತ್ತೇನು? ಬೆಳೆ ಮನೆಗೆ ಬಂದಾಗ ನಮ್ಮ ಪಡಸಾಲೆಯಲ್ಲಿ ಮನುಷ್ಯರಿಗಿಂತ ಈರುಳ್ಳಿಗೇ ಜಾಗ ಹೆಚ್ಚು. ರೊಟ್ಟಿಯ ಜೊತೆ ಹಸಿ ಈರುಳ್ಳಿ ಕಚ್ಚಿಕೊಳ್ಳದಿದ್ದರೆ ನನಗೆ ಉಂಡಂತೆಯೇ ಅನ್ನಿಸುತ್ತಿರಲಿಲ್ಲ. ಅದನ್ನು ಬಿಟ್ಟೆ. ಬೆಳ್ಳುಳ್ಳಿ ಬಿಟ್ಟೆ. ಹುರುಳಿಕಾಳಿನ ಸಾರು ಉಷ್ಣ ಎಂದರು, ಅದನ್ನೂ ಬಿಟ್ಟೆ. ಲವಂಗ, ಏಲಕ್ಕಿ, ಸೀಬೆ ಎಲೆ, ಬೇವಿನ ಕಡ್ಡಿ, ಹೇಳಿದವರು ಹೇಳಿದ್ದನ್ನೆಲ್ಲ ಅಗಿದೆ. ನನ್ನ ಬಾಯಿ ಇಡೀ ತರೀಕೆರೆಯ ಸಾರ್ವಜನಿಕ ಆಸ್ತಿಯಾಗಿತ್ತು. ಸಲಹೆ ಕೊಡದೆ ಮುಂದೆ ಹೋದವರಿಲ್ಲ. ಈರುಳ್ಳಿಯ ಘಾಟೇನೋ ಹೋಯಿತು, ಅದರ ಹಿಂದಿದ್ದ ಕೊಳೆತ ವಾಸನೆ ಹೋಗಲಿಲ್ಲ ಎಂದು ಅವ್ವನೇ ವರದಿ ಕೊಟ್ಟಳು. ಹೊಟ್ಟೆ ಕೆಟ್ಟಿದೆ, ಅದಕ್ಕೆ ವಿಶ್ರಾಂತಿ ಕೊಡು ಎಂದು ಯಾರೋ ಹೇಳಿದರು. ಸೋಮವಾರ ಸೋಮವಾರ ಹೊತ್ತು ಮುಳುಗುವ ತನಕ ನೀರೂ ಮುಟ್ಟದೆ ಉಪವಾಸ ಕೂತೆ. ವಾಸನೆ ಇನ್ನಷ್ಟು ಜೋರಾಯಿತು. ಭಕ್ತಿ ಸಾಲದು ಎಂದರು.

ಈ ನಡುವೆ ಅಣ್ಣನ ಮಗಳು ಬೆಳೆಯುತ್ತಿದ್ದಳು. ತವರಿಗೆ ಹೋದಾಗ ಅವಳನ್ನು ಎತ್ತಿಕೊಳ್ಳದೆ ಇರಲಾಗುತ್ತಿರಲಿಲ್ಲ. ಆದರೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು ಎತ್ತಿಕೊಳ್ಳುತ್ತಿದ್ದೆ. ಒಂದು ಮುತ್ತು ಕೊಟ್ಟವಳಲ್ಲ.

ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ. ಹೊರಗಿನಿಂದ ನಮ್ಮ ಯಜಮಾನರು ಓಡಿಬಂದರು.

"ಲೇ, ಹಾಲು ಸೀದೋಗಿರಾದು ಬಸ್ ಸ್ಟ್ಯಾಂಡ್‌ಗೆಲ್ಲ ಗೊತ್ತಾಗೈತೆ. ಪಕ್ಕದಾಗೇ ನಿಂತಿದ್ದೀಯ, ನಿಂಗೆ ಗೊತ್ತಾಗ್ಲಿಲ್ವೇನೇ?"

ಗೊತ್ತಾಗಿರಲಿಲ್ಲ. ತಿರುಗಿ ನೋಡಿದರೆ ಪಾತ್ರೆ ಕಪ್ಪಗಾಗಿತ್ತು. ಮುಡಿದ ಮಲ್ಲಿಗೆಯ ವಾಸನೆ ಬಂದು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ, ನೆನಪಾಗಲಿಲ್ಲ. ಬಗ್ಗಿದರೆ ಹಣೆ ಭಾರ, ಬೆಳಿಗ್ಗೆ ಎದ್ದರೆ ಗಂಟಲ ತುಂಬ ಕಫ. ಅದಕ್ಕೆಲ್ಲ ನಮ್ಮ ಮನೆಯಲ್ಲಿ 'ಹಳೇ ನೆಗಡಿ' ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಯಜಮಾನರು ಅದೇ ವಾರ ಶಿವಮೊಗ್ಗಕ್ಕೆ, ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನ್ನ ಕೆನ್ನೆಮೂಳೆಯೊಳಗಿನ ಗೂಡುಗಳನ್ನು ತೋರಿಸಿದರು. ಗಾಳಿ ಇರಬೇಕಾದ ಕಡೆ ಕೀವು ತುಂಬಿತ್ತು.

"ಸೈನಸ್ ಅಮ್ಮ ಇದು. ಈ ಕೀವು ಗಂಟಲ ಹಿಂದೆ ಇಳೀತಾನೇ ಇರುತ್ತೆ. ಮೂಗು ಕಟ್ಟಿರೋದ್ರಿಂದ ಬಾಯಲ್ಲಿ ಉಸಿರಾಡ್ತೀರಿ, ಬಾಯಿ ಒಣಗುತ್ತೆ. ವಾಸನೆ ಬರದೆ ಏನಾಗುತ್ತೆ?"

"ಮತ್ತೆ ಈರುಳ್ಳಿ?" ಎಂದು ಕೇಳಿದೆ.

"ಅದರ ವಾಸನೆ ಹೆಚ್ಚಂದ್ರೆ ಒಂದು ದಿನ ಇದ್ದು ಹೋಗುತ್ತೆ. ವರ್ಷಗಟ್ಟಲೆ ಇರಲ್ಲ."

ಉಪವಾಸದ ಸಂಗತಿಯನ್ನೂ ಹೇಳಿದೆ. ಅನ್ನ ನೀರು ಬಿಟ್ಟು ಬಾಯಿ ಒಣಗಿಸಿಕೊಂಡರೆ ವಾಸನೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಅವರು ನಕ್ಕರು. ಅಂದರೆ ಅಷ್ಟೂ ಸೋಮವಾರ ನಾನು ಶಿವನ ಮುಂದೆ ಉಳಿದ ದಿನಗಳಿಗಿಂತ ಹೆಚ್ಚಾಗಿ ನಾರುತ್ತಾ ಕೂತು, ವಾಸನೆ ಹೋಗಲಪ್ಪಾ ಎಂದು ಬೇಡಿಕೊಂಡಿದ್ದೆ. ಪಾಪ, ಅವನೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೂಗಿನೊಳಗಿಂದ ಸೂಜಿ ತೂರಿಸಿ ತೊಳೆದರು. ಆ ಸುಖದ ವರ್ಣನೆ ಬೇಡ. ಮಾತ್ರೆ ನುಂಗಿ, ಬಿಸಿನೀರಿನ ಹಬೆ ತೆಗೆದುಕೊಂಡು, ಮತ್ತೆರಡು ಬಾರಿ ಹೋಗಿ ತೊಳೆಸಿಕೊಂಡು ಬಂದ ಮೇಲೆ ಒಂದು ದಿನ ಮೂಗು ತೆರೆಯಿತು. ಮೊಟ್ಟಮೊದಲು ಬಂದದ್ದು ಯಜಮಾನರ ಬೆವರಿನ ಅಂಗಿಯ ವಾಸನೆ. ಮದುವೆಯಾದಾಗಿನಿಂದ ಆ ಸೈನಸ್ಸು ನನ್ನನ್ನು ಎಷ್ಟರಿಂದ ಕಾಪಾಡಿತ್ತು ಎಂದು ಆಗ ತಿಳಿಯಿತು. ಆ ಮಧ್ಯಾಹ್ನ ರೊಟ್ಟಿಯ ಜೊತೆ ಹಸಿ ಈರುಳ್ಳಿ ಕಚ್ಚಿ ತಿಂದೆ.

ಎಂಬತ್ತರ ದಶಕ ಶುರುವಾಗಿತ್ತು. ಅಣ್ಣನಿಗೆ ಎರಡನೆಯ ಮಗು, ಗಂಡು, ಹುಟ್ಟಿತು. ಮತ್ತೆ ಕಡೂರು, ಮತ್ತೆ ತೊಟ್ಟಿಲು. ಬೀರೂರಿನಲ್ಲಿ ಬಸ್ಸು ಹತ್ತಿದ ಯಗಟಿ ಕಡೆಯ ಕುರಿಗಾಹಿಯೊಬ್ಬನ ಕಂಬಳಿಯಿಂದ ಕುರಿಯ ವಾಸನೆ ಬರುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನೊಬ್ಬಳು ಖುಷಿಯಿಂದ ಎಳೆದುಕೊಂಡೆ.

ಮನೆಯಲ್ಲಿ ಅತ್ತಿಗೆಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಬಾ ತಾಯೀ, ಚೆಂದಾಗಿದ್ದೀಯ? ಮಾತಾಡು, ಮಾತಾಡು" ಎನ್ನುತ್ತಾ ಮುಖದ ಹತ್ತಿರ ಮುಖ ತಂದರು. ಪರೀಕ್ಷೆ ನಡೆಯುತ್ತಿದೆ ಎಂದು ತಿಳಿಯಿತು. ಮಾತಾಡಿದೆ. ಪಾಸಾದೆ. "ಈ ಸಲ ನೀನೇ ಹೆಸ್ರು ಹೇಳ್ಬೇಕು ಕಣಮ್ಮ" ಎಂದು ಅವರು ಬಾಯಿ ತುಂಬ ನಕ್ಕರು. ಆಗ ಬಂತು ನೋಡಿ, ವರ್ಷಗಳಿಂದ ನೆನೆದ ಹೊಗೆಸೊಪ್ಪು ಮತ್ತು ಕೊಳೆತ ವಸಡು, ಎರಡೂ ಕೂಡಿ. ಹಿಂದೆ ನನ್ನ ತೋಳು ಹಿಡಿದು ಮಗುವಿಗೆ ಶೀತ ಎಂದಾಗಲೂ ಇದೇ ಬಾಯಿ ಇತ್ತು. ಅವರ ಮಾನ ಉಳಿಸಿದ್ದು ನನ್ನ ಕೆಟ್ಟ ಮೂಗು. ನಾನು ಪಕ್ಕದಲ್ಲಿದ್ದ ತಟ್ಟೆ ಎತ್ತಿ ಅವರ ಮುಂದೆ ಹಿಡಿದೆ.

"ಅಮ್ಮಾ, ಮೊದ್ಲು ಎಲೆ ಅಡಿಕೆ ಹಾಕ್ಕೊಳ್ಳಿ."

"ನೋಡ್ರೇ, ದೊಡ್ಡ ಮನೆ ಹೆಣ್ಮಗಳು, ಎಷ್ಟ್ ಮರ್ವಾದೆ!" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ ಎಲೆ ತೆಗೆದುಕೊಂಡರು.

ತೊಟ್ಟಿಲ ಮೇಲೆ ಬಗ್ಗಿದೆ. ಹೆಸರು ಹೇಳುವ ಮೊದಲೇ ಮಗುವಿನ ನೆತ್ತಿಯ ವಾಸನೆ ಮೂಗಿಗೆ ಬಂತು. ಹಾಲು, ಹರಳೆಣ್ಣೆ, ಸಾಂಬ್ರಾಣಿಯ ಹೊಗೆ, ಇವೆಲ್ಲದರ ಜೊತೆಗೆ ಎಳೆ ಮೈಯದೇ ಒಂದು ವಾಸನೆ. ಹಸುಗೂಸಿಗೆ ಹೀಗೊಂದು ವಾಸನೆ ಇರುತ್ತದೆಂಬುದನ್ನೇ ನಾನು ಮರೆತಿದ್ದೆ. ಇನ್ನೊಮ್ಮೆ ಎಳೆದುಕೊಂಡೆ. ಆಮೇಲೆ ಹೆಸರು ಹೇಳಿದೆ. ಹಿಂದೆ ನಿಂತವರು ಶಾಸ್ತ್ರದಂತೆ ನಗುತ್ತಾ ಬೆನ್ನಿಗೆ ಗುದ್ದಿದರು.

ದೊಡ್ಡವಳು ನನ್ನ ಸೀರೆ ಹಿಡಿದುಕೊಂಡು ನಿಂತಿದ್ದಳು. ಅವಳನ್ನು ಎತ್ತಿಕೊಂಡೆ. ಮುಖ ತಿರುಗಿಸದೆ ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು. ನೆತ್ತಿಗೆ ಮೂಗಿಟ್ಟೆ. ಕೊಬ್ಬರಿ ಎಣ್ಣೆ, ಬೀದಿಯ ಧೂಳು. ಹಸುಗೂಸಿನ ವಾಸನೆ ಎಂದೋ ಹೋಗಿತ್ತು. ತಡೆಯಲಾರದಷ್ಟು ದುಃಖವಾಯಿತು. ಅವಳ ಕಿವಿಯ ಹತ್ತಿರ ಬಾಯಿ ತಂದು ಅವಳ ಹೆಸರನ್ನು ಮೆಲ್ಲಗೆ ಹೇಳಿದೆ.

"ಅದು ನಂಗೊತ್ತೈತಲ್ಲ, ಅತ್ತೆ" ಎಂದು ಅವಳು ಕೊಸರಿಕೊಂಡು ಕೆಳಗಿಳಿದು ಆಡಲು ಓಡಿದಳು.