ಮೀನು ಕಟ್ಟೆಯ ಕಾನೂನು

ನಾನು ವಕೀಲಿ ಕಲಿತದ್ದು ಕುಂದಾಪುರದಲ್ಲಿ, ಸಾಸ್ತಾನದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯ ವಕೀಲರ ಕೈಕೆಳಗೆ. ಕಾನೂನು ಮಾಡುವುದು ಓಟು ಗೆದ್ದವರ ಕೆಲಸ, ಅದನ್ನು ನಡೆಸುವುದು ಅಧಿಕಾರಿಗಳದ್ದು, ಬರೆದದ್ದನ್ನು ಓದಿ ತೀರ್ಪು ಕೊಡುವುದು ನ್ಯಾಯಾಧೀಶರದ್ದು ಎಂಬುದು ಅವರ ನಂಬಿಕೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು, ತಮ್ಮ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಲೂ ಬಾರದು. ತಮಗೆ ಇಷ್ಟವಾದ ತೀರ್ಪು ಬಂದ ದಿನವೂ, ನ್ಯಾಯಾಧೀಶರು ಅದರಲ್ಲಿ ಹೊಸ ನಿಯಮ ಹೊಸೆದಿದ್ದಾರೆ ಅನ್ನಿಸಿದರೆ ಅವರ ಮುಖ ಗಂಟಾಗುತ್ತಿತ್ತು.

“ಕಾಣಿ, ಭಾಗವತ್ರ್ ಪದ ಹೇಳ್ಕ್, ವೇಷದವ ಕುಣೀಕ್. ಭಾಗವತ್ರೇ ಎದ್ದ್ ಕುಣುಕ್ ಶುರು ಮಾಡ್ರೆ ಆಟ ನಡ್ಸುದ್ ಯಾರ್?” ಎಂದು ಯಕ್ಷಗಾನದ ಲೆಕ್ಕ ಹೇಳುತ್ತಿದ್ದರು.

ಉಳಿದ ಜೂನಿಯರ್‌ಗಳು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕವಳೇ. ಆಮೇಲೆ ಆ ಮಾತು ನನ್ನ ಅಮ್ಮನ ಮೀನಿನ ಬುಟ್ಟಿಗೇ ಬಂತು.

ನನ್ನ ತವರು ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ಒಂದು ಕಡಲ ಬದಿಯ ಊರು. ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಸೂರಿನ ಅಡಿಗೆ ಒಂದು ಸಿಮೆಂಟ್ ಕಟ್ಟೆ, ಅದರ ಮೇಲೆ ಎಂಟು ಹೆಂಗಸರ ಜಾಗ. ಎಲ್ಲೂ ಬರೆದಿಟ್ಟಿಲ್ಲ, ಆದರೂ ಜಾಗ ಅತ್ತೆಯಿಂದ ಸೊಸೆಗೆ ಬರುತ್ತದೆ. ಅಮ್ಮನಿಗೆ ಮೂರನೆಯ ಜಾಗ ಬಂದದ್ದೂ ಹಾಗೆಯೇ. ಜಾಗ ಇಲ್ಲದ ನಾಲ್ಕೈದು ಮಂದಿ ಎದುರಿನ ಬಯಲಿನಲ್ಲಿ ಗೋಣಿ ಹಾಸಿಕೊಂಡು ಕೂರುತ್ತಾರೆ.

ಒಂದು ದಿನ ಪಂಚಾಯಿತಿಯ ಪಿಡಿಓ ಕಂಬಕ್ಕೆ ಒಂದು ನೋಟಿಸು ಅಂಟಿಸಿದರು. ಇನ್ನು ಕಟ್ಟೆಯ ಮೇಲೆ ಯಾರು ಕೂರಬೇಕೆಂದು ಆರು ತಿಂಗಳಿಗೊಮ್ಮೆ ಕಚೇರಿಯೇ ಪಟ್ಟಿ ಮಾಡುತ್ತದೆ. ಮೊದಲ ಪಟ್ಟಿಯಲ್ಲಿ ಅಮ್ಮ ಇರಲಿಲ್ಲ.

ನಾನು ಉರಿದುಬಿದ್ದೆ. ರಾತ್ರಿಯಿಡೀ ಕೂತು, ಕೋರ್ಟಿಗೆ ಹಾಕುವ ಅರ್ಜಿಗೆಂದು ಅತ್ತೆ–ಸೊಸೆಯರ ಪದ್ಧತಿ ಎಷ್ಟು ಹಳೆಯದೆಂದು ಪುಟಗಟ್ಟಲೆ ಬರೆದೆ. ಸರ್ ಅದೆಲ್ಲದರ ಮೇಲೂ ಕೆಂಪು ಪೆನ್ನಿನಿಂದ ಅಡ್ಡಗೀಟು ಎಳೆದರು. ಅವರ ಕಣ್ಣು ಬಿದ್ದದ್ದು ಪಂಚಾಯಿತಿಯ ಹಳೆಯ ನಿರ್ಣಯವೊಂದರ ಮೇಲೆ: ಮಾರುಕಟ್ಟೆಯ ವಿಷಯದಲ್ಲಿ ಪಿಡಿಓ ತಮಗೆ ಸರಿ ಕಂಡಂತೆ ನಿಯಮ ಮಾಡಬಹುದು.

“ಪದ್ಧತಿ ಒಳ್ಳೇದಾ ಕೆಟ್ಟದ್ದಾ ನಮ್ಗ್ ಬ್ಯಾಡ. ನಿಯಮ ಮಾಡ್ದವ್ರ್ ಯಾರ್ ಅಂದೇಳಿ ಮಾತ್ರ ಕೇಂಬ. ಊರವ್ರ್ ಮೆಂಬರ್‌ಗಳಿಗ್ ಓಟ್ ಹಾಕದ್ದ್, ಪಿಡಿಓಗಲ್ಲ.”

ಅಷ್ಟೇ ವಾದ. ಗೆದ್ದೆವು. ಸದಸ್ಯರು ತಾವು ಮಾಡಬೇಕಾದ ನಿಯಮವನ್ನು ಅಧಿಕಾರಿಗೆ ಬಿಟ್ಟುಕೊಟ್ಟದ್ದು ತಪ್ಪು ಎಂದು ತೀರ್ಪಾಯಿತು. ಅಮ್ಮ ಮರುದಿನವೇ ಕಟ್ಟೆ ಹತ್ತಿದಳು. ಸರ್ ಮೀನು ತಿನ್ನುವವರಲ್ಲ, ಹಾಗಾಗಿ ಅವರ ಮನೆಯವರಿಗೆಂದು ಹೆಮ್ಮಾಡಿ ಸೇವಂತಿಗೆಯ ದೊಡ್ಡ ಮಾಲೆ ಕಳಿಸಿದಳು. ನಾನಂತೂ ನೆಲದ ಮೇಲೆ ನಡೆಯಲಿಲ್ಲ.

ಎರಡು ತಿಂಗಳಾಗಿರಬಹುದು. ಸದಸ್ಯರು ಕೋರ್ಟು ಹೇಳಿದಂತೆಯೇ ಮಾಡಲು ಹೊರಟರು. ತಾವೇ ನಿಯಮ ಮಾಡುವ ಮೊದಲು ಮಾರುಕಟ್ಟೆಯ ಹೆಂಗಸರನ್ನೆಲ್ಲ ಪಂಚಾಯಿತಿಗೆ ಕರೆದರು. ನಾನೂ ಹೋಗಿ ಮಾತಾಡಲು ಎದ್ದೆ. ಅಮ್ಮ ಸೆರಗು ಹಿಡಿದು ಎಳೆದಳು.

“ಕೂಕೋ ಮಗಾ. ನಿನ್ ಓಟ್ ಬೈಂದೂರಗ್ ಇತ್.”

ಹೌದು, ಮದುವೆಯಾದ ಮೇಲೆ ನನ್ನ ಓಟು ಗಂಡನ ಊರಿಗೆ ಹೋಗಿತ್ತು. ಬಾಯಿ ಮುಚ್ಚಿ ಕೂತೆ. ಆಗ ಗೋಣಿಯ ಮೇಲೆ ಕೂರುವವರಲ್ಲಿ ಒಬ್ಬಾಕೆ ಎದ್ದಳು.

“ಕೋರ್ಟಗೆ ಇವ್ರೆಲ್ಲ ಮಾತಾಡ್ದ್ರ್, ನಮ್ಮನ್ ಯಾರೂ ಕರೀಲಿಲ್ಲ. ನಾ ಮದಿ ಆಯ್ ಬಂದದ್ದ್ ಅತ್ತಿ ಇಲ್ದೇ ಇದ್ದ ಮನಿಗ್. ಅತ್ತಿ ಇಲ್ದಿರೆ ನಂಗ್ ಜಾಗ ಕೊಡುದ್ ಯಾರ್?”

ಸದಸ್ಯರು ಕೈ ಎತ್ತಿ ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟರು. ಇನ್ನು ಆರು ತಿಂಗಳಿಗೊಮ್ಮೆ ಚೀಟಿ ಎತ್ತುವುದು, ಚೀಟಿ ಬಂದವರಿಗೆ ಕಟ್ಟೆ. ಅಲ್ಲೇ ಚೀಟಿ ಎತ್ತಿದರು, ಅಮ್ಮನ ಪಾಲಿಗೆ ಬಂದದ್ದು ಬಯಲು.

ಮರುದಿನ ಬೆಳಿಗ್ಗೆಯೇ ಸರ್ ಮೇಜಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಈ ನಿಯಮ ಅನ್ಯಾಯದ್ದು, ರದ್ದು ಮಾಡಿ ಎಂದು ಕೋರ್ಟನ್ನು ಕೇಳೋಣ ಎಂದೆ.

“ಅನ್ಯಾಯ ಇದ್ದರೂ ಇರ್ಕ್. ಆರೆ ಮಾಡ್ದವ್ರ್ ಓಟ್ ತಕಂಡ್ ಬಂದವ್ರ್. ಬ್ಯಾಡ ಅಂದ್ರೆ ಮುಂದಿನ್ ಸಲ ಸೋಲ್ಸಿ. ಕೋರ್ಟಗೆ ಇಪ್ಪುದ್ ಎರ್ಡೇ ಕಡಿಯವ್ರ್, ಕಾಣಿ. ಆ ಬಿಸ್ಲಗೆ ಕೂಕಂಡ್ ಹೆಂಗ್ಸನ್ನ ಜಡ್ಜ್ ಕಾಂಬುದ್ ಹ್ಯಾಂಗ್?”

ನನಗೆ ಮೂಗಿನ ತುದಿಯಲ್ಲೇ ಕೋಪ. “ನೆರಳಲ್ಲಿ ಕೂತವರಿಗೆ ಇದನ್ನೆಲ್ಲ ಹೇಳುವುದು ಸುಲಭ ಸರ್” ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಬೈಯುತ್ತಾರೆಂದು ಕಾದೆ. ಅವರು ಮುಂದಿನ ಫೈಲು ತೆರೆದರು.

ಅವರಿಲ್ಲದಿದ್ದರೆ ಇನ್ನೊಬ್ಬರು. ಬ್ರಹ್ಮಾವರದ ಕಡೆಯ ಒಬ್ಬ ವಕೀಲರು ಕೇಸು ಹಾಕಲು ಒಪ್ಪಿದರು. ಅಮ್ಮನ ಸಹಿಗಾಗಿ ವಕಾಲತ್ತು ಪತ್ರ ಹಿಡಿದು ಮಾರುಕಟ್ಟೆಗೆ ಹೋದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಅಮ್ಮ ಗೋಣಿಯ ಮೇಲೆ ಕೂತು, ಒಂದು ಕೋಲಿಗೆ ಕೊಡೆ ಕಟ್ಟಿಕೊಂಡು, ಬಂಗುಡೆಗೆ ನೀರು ಚಿಮುಕಿಸುತ್ತಿದ್ದಳು. ಕಟ್ಟೆಯ ಮೂರನೆಯ ಜಾಗದಲ್ಲಿ ಆ ಅತ್ತೆಯಿಲ್ಲದ ಸೊಸೆ. ಪತ್ರ ಬಿಡಿಸಿ ಪೆನ್ನಿನ ಜೊತೆ ಅಮ್ಮನ ಮುಂದೆ ಹಿಡಿದೆ.

ಅಮ್ಮ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಸಹಿ ಎಲ್ಲಿ ಎಂದು ಕೇಳಿದಳು. ತೋರಿಸಿದೆ. ಕಟ್ಟೆಯ ಮೇಲೆ ಕೂತವಳ ಕಡೆ ನೋಡಿ ಪೆನ್ನು ವಾಪಸು ಕೊಟ್ಟಳು.

“ಬ್ಯಾಡ ಮಗಾ. ಇಷ್ಟ್ ವರ್ಷ ಅದ್ ಇಲ್ಲೇ ಕೂಕಂಡಿತ್ತ್. ನಾ ಅಲ್ಲಿಂದ ದಿನಾ ಕಾಂತಿದ್ದೆ. ಒಂದ್ ದಿನ ಆದ್ರೂ ಇಲ್ಲಿ ಬಾ, ನೆರ್ಳಗೆ ಕೂಕೋ ಅಂದಿಲ್ಲೆ.”

ನಾನು ವಕಾಲತ್ತು ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡೆ. ಶಾಲೆ ಬಿಟ್ಟು ಬಂದು ಅದೇ ಕಟ್ಟೆಯ ನೆರಳಲ್ಲಿ, ಅಮ್ಮನ ಬೆನ್ನಿಗೆ ಒರಗಿ ಹೋಮ್‌ವರ್ಕ್ ಬರೆಯುತ್ತಿದ್ದವಳು ನಾನು. ಬಯಲಿನಲ್ಲಿ ಕೂತವರು ಆಗಲೂ ಎದುರಿಗೇ ಇದ್ದರು.