ರಾಕರ್‌ಗಳ ಕಾಲಳತೆ ಬಲ್ಲ ಜಲೇಹಾ

ಬೆಳಗಿನ ನಮಾಜು ಮುಗಿದಿದೆ, ಕತ್ತಲು ಇನ್ನೂ ಹರಿದಿಲ್ಲ. ತೈಪಿಂಗ್ ಪಟ್ಟಣದ ಹಳೇ ಮಾರುಕಟ್ಟೆಯ ಹಿಂದಿನ ಪುಟ್ಟ ಅಂಗಡಿಯಲ್ಲಿ ಜಲೇಹಾ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಕೈಯಲ್ಲಿ ದಪ್ಪ ಜೀನ್ಸ್. ಮೊಣಕಾಲಿನಿಂದ ಕೆಳಕ್ಕೆ ಅದನ್ನು ಬಿಗಿ ಮಾಡುತ್ತಾ ಹೋಗುತ್ತಾರೆ, ಪಾದ ತೂರುವುದೇ ಅನುಮಾನ ಎನ್ನುವಷ್ಟು.

"ಕಾಲಿಗೆ ಪ್ಲಾಸ್ಟಿಕ್ ಕವರ್ ಸುತ್ಕೊಂಡ್ರೆ ಜಾರ್ಕೊಂಡು ಹೋಗುತ್ತೆ. ಎಂಬತ್ತರ ದಶಕದ ಹುಡುಗರೆಲ್ಲ ಹಂಗೇ ಹಾಕ್ಕೊಳ್ತಿದ್ದಿದ್ದು," ಎನ್ನುತ್ತಾರೆ.

ಆಗ ನಮ್ಮೂರ ಹುಡುಗರಿಗೆ ರಾಕ್ ಹುಚ್ಚು. ಭುಜ ದಾಟಿದ ಕೂದಲು, ಬೈಕಿನ ಹಿಂದೆ ಗಿಟಾರ್. ಹಾಡಿದವರ ಹೆಸರು ಊರಿಗೆ ನೆನಪಿದೆ, ಅವರ ಪ್ಯಾಂಟು ಬಿಗಿ ಮಾಡಿಕೊಟ್ಟವಳನ್ನು ಯಾರೂ ಕೇಳಲಿಲ್ಲ. ನನಗಿದು ಅನ್ಯಾಯ ಎನಿಸುತ್ತದೆ, ಅವರಿಗೆ ಎನಿಸುವುದಿಲ್ಲ. ತಂದೆ ತೀರಿಕೊಂಡಾಗ ಶಾಲೆ ಬಿಟ್ಟು ಯಂತ್ರದ ಮುಂದೆ ಕೂತವರು. ರಾಕ್ ಕಾಲ ಮುಗಿದ ಮೇಲೆ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿದು ಮಕ್ಕಳನ್ನು ದಡ ಸೇರಿಸಿದರು. ಈಗ ಬೆನ್ನುನೋವು, ದಿನಕ್ಕೆ ಎರಡು ಜೀನ್ಸ್ ಆದರೆ ಹೆಚ್ಚು.

ಈ ಜೀನ್ಸ್ ಇಪ್ಪತ್ತರ ಹುಡುಗಿ ಶುಹಾದಾಳದ್ದು. ಗೆಳತಿಯರ ಜೊತೆ ಅವಳು ಕಟ್ಟಿದ ತಂಡ ಆ ಕಾಲದ ಧಾಟಿಯಲ್ಲೇ ಹಾಡುತ್ತದೆ. ಶನಿವಾರ ಹಳೆಯ ರಾಕರ್‌ಗಳ ಸಮಾವೇಶ. ಅಲ್ಲಿ ಹಾಡಲೇಬೇಕೆಂದು ಅವಳಿಗೆ ಆಸೆ. ಒಪ್ಪಿಗೆ ಕೊಡಬೇಕಾದವರು ಸಮಾವೇಶ ನಡೆಸುವ ಹಳೆಯ ರಾಕರ್, ಜಲೇಹಾರ ಗಂಡ ಬಹ್ರಿನ್. ಕೂದಲು ಉದುರಿದರೂ ಅವರ ಗತ್ತು ಉದುರಿಲ್ಲ.

ಶುಹಾದಾ ಅಳತೆ ನೋಡಲು ಬಂದಾಗ ಬಹ್ರಿನ್ ಟೀ ಹಿಡಿದು ಒಳಗೆ ಬರುತ್ತಾರೆ. ಕಣ್ಣು ನೇರ ಜೀನ್ಸಿನ ಪಾದದ ಹತ್ತಿರ ಜಲೇಹಾ ಒಳಬದಿಗೆ ಕೂರಿಸಿದ ಜಿಪ್ಪಿನ ಮೇಲೆ.

"ಜಿಪ್ಪಾ? ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಮ್ಮ. ಇದು ವೇಷ. ವೇಷ ಹಾಕ್ಕೊಂಡೋರಿಗೆ ನಮ್ಮ ಸ್ಟೇಜ್ ಇಲ್ಲ."

ಶುಹಾದಾಳ ಮುಖ ಸಪ್ಪಗಾಗುತ್ತದೆ. "ಮಾಕ್ ಚಿಕ್," ಎಂದು ಚಿಕ್ಕಮ್ಮನನ್ನು ಕರೆದಂತೆ ಜಲೇಹಾರನ್ನು ಕರೆಯುತ್ತಾಳೆ, "ಜಿಪ್ ಕಿತ್ತುಬಿಡಿ. ಹೆಂಗೋ ತೂರಿಸ್ಕೊಳ್ತೀನಿ."

ಜಲೇಹಾ ಯಂತ್ರ ನಿಲ್ಲಿಸುತ್ತಾರೆ. "ಏನ್ರೀ, ಮಸೀದಿಯ ನೀರಿನ ನಲ್ಲಿ ಕಥೆ ಮರೆತೋಯ್ತಾ?" ಎಂದು ಗಂಡನನ್ನು ಕೇಳಿ ನಮ್ಮತ್ತ ತಿರುಗುತ್ತಾರೆ. "ಆಗಿನ್ನೂ ನಮ್ಮ ಮದುವೆ ಆಗಿರ್ಲಿಲ್ಲ. ನಾನು ಹೊಲಿದ ಜೀನ್ಸ್ ಹಾಕ್ಕೊಂಡು ಶುಕ್ರವಾರದ ನಮಾಜಿಗೆ ಹೋದ್ರು. ನಮಾಜಿಗೆ ಮುಂಚೆ ನಲ್ಲೀಲಿ ಕಾಲು ತೊಳೀಬೇಕಲ್ಲ, ಪ್ಯಾಂಟು ಮೇಲಕ್ಕೇ ಏರ್ಲಿಲ್ಲ! ಹಿಂದೆ ಸಾಲಲ್ಲಿ ನಿಂತೋರೆಲ್ಲ ಬೈದ್ರಂತೆ. ಸೀದಾ ಇಲ್ಲಿಗೆ ಓಡಿಬಂದು, ಯಾರಿಗೂ ಕಾಣದ ಹಾಗೆ ಒಳಗಡೆ ಜಿಪ್ ಹಾಕ್ಕೊಡು ಅಂತ ಗೋಗರೆದ್ರು. ಆಮೇಲೆ ಊರಿನ ಅರ್ಧ ರಾಕರ್‌ಗಳು ಕದ್ದುಮುಚ್ಚಿ ಬಂದು ಹಾಕಿಸ್ಕೊಂಡ್ರು."

"ಲೇಹಾ, ಪೇಪರಿನೋರ ಮುಂದೆ ಮಾನ ತೆಗೀತೀಯಲ್ಲೇ!"

"ಬರ್ಕೊಳ್ಳಲಿ ಬಿಡಿ. ವಿದೇಶಿ ಕ್ಯಾಸೆಟ್ ಮೇಲಿನ ಫೋಟೋ ತಂದು ಇದೇ ಥರ ಬೇಕು ಅಂದೋರು ನೀವೇ ಅಲ್ವಾ? ನೀವು ಅವರನ್ನ ನೋಡಿ ಕಲಿತ್ರಿ, ಈ ಹುಡುಗಿ ನಿಮ್ಮನ್ನ ನೋಡಿ ಕಲೀತಾಳೆ. ಅದ್ರಲ್ಲೇನು ತಪ್ಪು?"

ಬಹ್ರಿನ್ ಬೋಳುತಲೆ ಸವರಿಕೊಂಡು ಜೋರಾಗಿ ನಗುತ್ತಾರೆ. ಅಸಲಿ ಯಾವುದು, ನಕಲಿ ಯಾವುದು ಎಂದು ಬರೆಯಲು ಬಂದಿದ್ದ ನನಗೂ ನಗು ತಡೆಯದು. "ಆಯ್ತು, ಶುರುವಿಗೇ ಹಾಡ್ಬಿಡಿ," ಎನ್ನುತ್ತಾರೆ ಬಹ್ರಿನ್. "ಆದ್ರೆ ನಲ್ಲಿ ಕಥೆ ಅಲ್ಲಿ ಬಾಯಿಬಿಟ್ಟೀಯ, ಹುಷಾರ್!" ಶುಹಾದಾ ಜಲೇಹಾರನ್ನು ತಬ್ಬಿಕೊಳ್ಳುತ್ತಾಳೆ.

ಅವಳು ಹೋದ ಮೇಲೆ, ಶನಿವಾರ ನೀವೂ ಹೋಗ್ತೀರಾ ಎಂದು ಕೇಳುತ್ತೇನೆ. ಜಲೇಹಾ ಸೂಜಿಗೆ ದಾರ ಪೋಣಿಸುತ್ತಾರೆ.

"ಆಗೆಲ್ಲ ಹುಡುಗೀರನ್ನ ಯಾರು ಬಿಡ್ತಿದ್ರು? ಈ ಸಲ ಮುಂದಿನ ಸಾಲಲ್ಲೇ ಕೂರ್ತೀನಿ. ಇಷ್ಟು ಹೊಲಿದಿದ್ದೀನಿ, ನನ್ನ ಪ್ಯಾಂಟು ಸ್ಟೇಜ್ ಮೇಲೆ ಕುಣಿಯೋದನ್ನ ಒಂದ್ಸಲಾನೂ ನೋಡಿಲ್ಲ."